ಫಿನ್ಸ್‌ಬರಿ ಪಾರ್ಕಿನ ಕುರ್ಚಿಗಳು

ರಾಕ್ ಸಂಗೀತವು ಹುಟ್ಟಿದ್ದು ಕುಣಿಯುವವರ ಕಾಲಿಗಾಗಿ. ಅದನ್ನು ಕೇಳಬಂದ ಸಾವಿರಾರು ಯುವಜನರನ್ನು ಸಾಲುಸಾಲಾಗಿ ಅಂಕಿ ಬರೆದ ಕುರ್ಚಿಗಳಲ್ಲಿ, ಮಖಮಲ್ಲಿನ ಮೆತ್ತೆಗಳ ಮೇಲೆ ಕೂಡಿಸಿ, ನಡುವಣ ಹಾದಿಗಳಲ್ಲಿ ಸಮವಸ್ತ್ರ ತೊಟ್ಟ ಪರಿಚಾರಕರನ್ನು ನಿಲ್ಲಿಸಿ, ಎದ್ದವರನ್ನು ಭುಜ ಹಿಡಿದು ಮತ್ತೆ ಕುಳ್ಳಿರಿಸುವ ಪದ್ಧತಿಯು ಹೇಗೆ ಬಂದಿತೆಂಬುದು ಯೋಚಿಸಿದಷ್ಟೂ ವಿಚಿತ್ರವೆನಿಸುತ್ತದೆ. ಇದನ್ನು ಯಾರೂ ಉದ್ದೇಶಪೂರ್ವಕವಾಗಿ ಏರ್ಪಡಿಸಲಿಲ್ಲ. ಕುರ್ಚಿಗಳು ಮೊದಲೇ ಅಲ್ಲಿದ್ದುವು. ಅವುಗಳನ್ನು ನೆಲಕ್ಕೆ ಬಿಗಿದವರ ಕನಸಿನಲ್ಲಿಯೂ ಎಲೆಕ್ಟ್ರಿಕ್ ಗಿಟಾರು ಸುಳಿದಿರಲಾರದು. ಇಂಗ್ಲೆಂಡಿನ ಊರೂರುಗಳಲ್ಲಿ 1920ರ ದಶಕದ ಕೊನೆಯಲ್ಲಿಯೂ 1930ರ ದಶಕದಲ್ಲಿಯೂ ತಲೆಯೆತ್ತಿದ ಬೃಹತ್ ಚಿತ್ರಮಂದಿರಗಳು, ಟೆಲಿವಿಷನ್ ಮನೆಮನೆಗೂ ಬಂದು ತಮ್ಮ ಪ್ರೇಕ್ಷಕರನ್ನು ಕಸಿದುಕೊಂಡ ಮೇಲೆ, ಖಾಲಿ ಉಳಿದ ರಾತ್ರಿಗಳನ್ನು ತುಂಬಬಲ್ಲ ಯಾವ ಗಿರಾಕಿಗಾದರೂ ಬಾಗಿಲು ತೆರೆಯಲು ಸಿದ್ಧವಾದುವು. ಹಾಗೆ ಬಂದ ಗಿರಾಕಿಗಳಲ್ಲಿ ರಾಕ್ ಅಂಡ್ ರೋಲ್ ಒಂದು. ಪರರಿಗಾಗಿ ಕಟ್ಟಿದ ಮನೆಯಲ್ಲಿ ಬಾಡಿಗೆಗಿದ್ದ ಈ ಕಲೆಯು ಮನೆಯ ಗುಣದಿಂದ ತಾನು ಎಷ್ಟು ಬದಲಾಯಿತು, ಮನೆಯ ಸಾಮಾನನ್ನು ತಾನು ಎಷ್ಟು ಮುರಿಯಿತು ಎಂಬುದನ್ನು ಹೇಳುವುದಕ್ಕೆ ಲಂಡನ್ನಿನ ಒಂದೇ ಕಟ್ಟಡವನ್ನು ಹಿಡಿದರೂ ಸಾಕು.

ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಬಡಾವಣೆಯಲ್ಲಿ, ಸೆವೆನ್ ಸಿಸ್ಟರ್ಸ್ ರಸ್ತೆಯ ಒಂದು ಮೂಲೆಯಲ್ಲಿ, 1930ರ ಸೆಪ್ಟೆಂಬರ್ 29ರಂದು ಆಸ್ಟೋರಿಯಾ ಎಂಬ ಚಿತ್ರಮಂದಿರವು ಪ್ರಾರಂಭವಾಯಿತು. ಅದರ ಶಿಲ್ಪಿ ಎಡ್ವರ್ಡ್ ಸ್ಟೋನ್. ಬ್ರಿಕ್ಸ್‌ಟನ್, ಸ್ಟ್ರೆಥಮ್ ಮೊದಲಾದ ಬಡಾವಣೆಗಳಲ್ಲಿ ಇದೇ ಹೆಸರಿನ ಮಂದಿರಗಳನ್ನು ಅದಾಗಲೇ ಕಟ್ಟಿ ಕೈ ಪಳಗಿದವನು. ಹೊರಗಿನಿಂದ ನೋಡಿದವನಿಗೆ ಅದು ದೊಡ್ಡ ಉಗ್ರಾಣದಂತೆ ಕಾಣುತ್ತಿದ್ದಿತು. ಒಳಗೆ ಕಾಲಿಟ್ಟವನಿಗಾದರೋ ಬೇರೊಂದು ಲೋಕ. ಮುಂಭಾಗದ ಹಜಾರದ ನಡುವೆ ನಕ್ಷತ್ರಾಕಾರದ ಕೊಳ, ಅದರಲ್ಲಿ ಕಾರಂಜಿ, ಸುತ್ತಲೂ ಮೂರಿಷ್ ಶೈಲಿಯ ಕಮಾನುಗಳು. ಪ್ರೇಕ್ಷಾಗೃಹದ ಎರಡು ಪಾರ್ಶ್ವಗಳಲ್ಲಿ ಸ್ಪೇನಿನ ಬೆಟ್ಟದೂರೊಂದರ ಮನೆಗಳು, ಹೆಂಚಿನ ಮಾಡುಗಳು, ದೀಪವುರಿಯುವ ಕಿಟಕಿಗಳು ಗಾರೆಯಲ್ಲಿ ಮೂಡಿದ್ದುವು. ಮೇಲೆ ಗಾಢನೀಲಿಯ ಚಾವಣಿಯಲ್ಲಿ ವಿದ್ಯುತ್ತಿನ ನಕ್ಷತ್ರಗಳು. ಈ ಸುಳ್ಳು ಆಕಾಶದ ಕೆಳಗೆ 3,040 ಆಸನಗಳು. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿ ತತ್ತರಿಸುತ್ತಿದ್ದ ಆ ವರ್ಷ, ಚಳಿ ಹಿಡಿದ ಬಾಡಿಗೆ ಕೋಣೆಯಿಂದ ಹೊರಟ ಒಬ್ಬ ಗುಮಾಸ್ತನು ಕೆಲವು ಪೆನ್ನಿಗಳನ್ನು ತೆತ್ತು ಮೂರು ಗಂಟೆಗಳ ಕಾಲ ಆಂಡಲೂಸಿಯದ ಬೇಸಗೆಯ ಇರುಳಿನಲ್ಲಿ ಮೆತ್ತನೆಯ ಪೀಠದ ಮೇಲೆ ವಿರಮಿಸಬಹುದಾಗಿದ್ದಿತು. ಅಲ್ಲಿ ಮಾರಾಟವಾಗುತ್ತಿದ್ದ ಸರಕಿನಲ್ಲಿ ಚಲನಚಿತ್ರ ಅರ್ಧ, ಕುರ್ಚಿ ಅರ್ಧ ಎಂದರೆ ತಪ್ಪಾಗದು.

ಕುರ್ಚಿಗೆ ಇನ್ನೂ ಎರಡು ಗುಣಗಳಿದ್ದುವು. ಇವೆರಡೂ ಮುಂದೆ ಸಂಗೀತಕ್ಕೆ ಸಂಬಂಧಪಟ್ಟುವು. ಮಾತನಾಡುವ ಚಿತ್ರಗಳು ಆಗತಾನೆ ಬಂದಿದ್ದುದರಿಂದ ನಟರ ಮಾತು ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗದಂತೆ ನೋಡಿಕೊಳ್ಳುವುದು ಶಿಲ್ಪಿಗಳ ಹೊಸ ಚಿಂತೆಯಾಗಿದ್ದಿತು. ದಪ್ಪ ರತ್ನಗಂಬಳಿ, ಪರದೆ, ಸಹಸ್ರಾರು ಮೆತ್ತೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುವುವು. ಮೆತ್ತೆಯ ಕುರ್ಚಿಯು ಖಾಲಿ ಇದ್ದಾಗಲೂ ಹೆಚ್ಚುಕಡಿಮೆ ಅದರಲ್ಲಿ ಮನುಷ್ಯನು ಕುಳಿತಿರುವಷ್ಟೇ ಶಬ್ದವನ್ನು ನುಂಗಬಲ್ಲುದು. ಹೀಗೆ ಒಣಗಿದ ಶ್ರವಣಗುಣವುಳ್ಳ ಕೊಠಡಿಯು, ನಾಲ್ಕು ದಶಕಗಳ ತರುವಾಯ ಗೋಪುರದಂತೆ ಪೇರಿಸಿದ ಧ್ವನಿವರ್ಧಕಗಳ ಮುಂದೆ, ಪಿಟೀಲಿಗಾಗಿ ಕಟ್ಟಿದ ಯಾವ ಭವ್ಯ ಸಭಾಂಗಣಕ್ಕಿಂತಲೂ ಅನುಕೂಲವಾಗಿ ಪರಿಣಮಿಸಿತು. 1871ರಲ್ಲಿ ಕಟ್ಟಿದ ರಾಯಲ್ ಆಲ್ಬರ್ಟ್ ಹಾಲ್ ತನ್ನ ಪ್ರತಿಧ್ವನಿಗಾಗಿ ಕುಪ್ರಸಿದ್ಧವಾಗಿದ್ದು, ಅದನ್ನು ಅಡಗಿಸಲು 1969ರಲ್ಲಿ ಅಣಬೆಯಾಕಾರದ ದೊಡ್ಡ ದೊಡ್ಡ ಬಿಲ್ಲೆಗಳನ್ನು ಮಾಳಿಗೆಯಿಂದ ತೂಗುಹಾಕಬೇಕಾಯಿತೆಂಬುದನ್ನು ನೆನೆದರೆ ಬಡಾವಣೆಯ ಚಿತ್ರಮಂದಿರದ ಭಾಗ್ಯ ಅರ್ಥವಾಗುತ್ತದೆ.

ಎರಡನೆಯ ಗುಣ ಶಾಸನಕ್ಕೆ ಸೇರಿದ್ದು. 1887ರಲ್ಲಿ ಎಕ್ಸೆಟರ್ ಪಟ್ಟಣದ ರಂಗಮಂದಿರಕ್ಕೆ ಬೆಂಕಿ ಬಿದ್ದು 186 ಜನ ಸತ್ತ ದುರಂತವೂ ಅಂಥ ಇತರ ದುರಂತಗಳೂ ಆಡಳಿತಗಾರರಿಗೆ ಒಂದು ಪಾಠವನ್ನು ಕಲಿಸಿದ್ದುವು: ಜನ ಗುಂಪುಗೂಡಿದೆಡೆ ಹಾದಿಗಳು ತೆರವಾಗಿರಬೇಕು, ಕುರ್ಚಿಗಳು ನೆಲಕ್ಕೆ ಬಿಗಿದಿರಬೇಕು. ಪರವಾನಗಿಯ ಷರತ್ತುಗಳಲ್ಲಿ ಇವು ಸೇರಿದ್ದುವು. ನಡುಹಾದಿಯಲ್ಲಿ ಕುಣಿಯತೊಡಗಿದ ಹುಡುಗನು ಪರಿಚಾರಕನ ಕಣ್ಣಿಗೆ ಅಸಭ್ಯನಾಗಿ ಕಾಣುತ್ತಿದ್ದನೋ ಏನೋ, ವ್ಯವಸ್ಥಾಪಕನ ಕಣ್ಣಿಗಂತೂ ಪರವಾನಗಿಯನ್ನೇ ಕಳೆಯಬಲ್ಲ ಶತ್ರುವಾಗಿ ಕಾಣುತ್ತಿದ್ದನು. ರಾಕ್ ಪ್ರೇಕ್ಷಕರೂ ಮಂದಿರದ ಸಿಬ್ಬಂದಿಯೂ ಮುಂದೆ ಮೂವತ್ತು ವರ್ಷಗಳ ಕಾಲ ನಡೆಸಿದ ಕಲಹದ ಬೇರು ಇಲ್ಲಿದೆ; ಅದನ್ನು ಬರಿಯ ಮುದುಕರ ಮತ್ತು ತರುಣರ ಜಗಳವೆಂದು ವರ್ಣಿಸುವ ಲೇಖಕರು ಅಗ್ನಿಶಾಮಕ ದಳವನ್ನು ಮರೆಯುತ್ತಾರೆ.

ಕಲಹದ ಮೊದಲ ಅಧ್ಯಾಯದಲ್ಲಿ ವೇದಿಕೆಯ ಮೇಲೆ ಮನುಷ್ಯರೇ ಇರಲಿಲ್ಲ. 1956ರಲ್ಲಿ ಅಮೆರಿಕದಿಂದ 'ರಾಕ್ ಅರೌಂಡ್ ದಿ ಕ್ಲಾಕ್' ಎಂಬ ಚಲನಚಿತ್ರವು ಬಂದಾಗ, ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ ಉದ್ದನೆಯ ಕೋಟು ತೊಟ್ಟ ಟೆಡ್ಡಿ ಬಾಯ್ಸ್ ಎಂಬ ಹುಡುಗರು ಪರದೆಯ ಮೇಲಿನ ನೆರಳುಗಳಿಗೆ ತಾಳ ಹಿಡಿದು ಹಾದಿಗಳಲ್ಲಿ ಕುಣಿದರು; ಕೆಲವೆಡೆ ರೇಜರಿನಿಂದ ಆಸನಗಳ ಮೆತ್ತೆಗಳನ್ನು ಸೀಳಿದರು; ಕೆಲವು ಪುರಸಭೆಗಳು ಚಿತ್ರವನ್ನು ನಿಷೇಧಿಸಿದುವು. ಮರುವರ್ಷದ ಫೆಬ್ರವರಿಯಲ್ಲಿ ಆ ಚಿತ್ರದ ನಾಯಕ ಬಿಲ್ ಹ್ಯಾಲಿಯೇ ಹಡಗಿನಲ್ಲಿ ಸೌತಾಂಪ್ಟನ್ನಿಗೆ ಬಂದಿಳಿದು, ರೈಲಿನಲ್ಲಿ ವಾಟರ್ಲೂ ನಿಲ್ದಾಣಕ್ಕೆ ಬಂದಾಗ ಅಲ್ಲಿ ನೆರೆದ ಜಂಗುಳಿಯನ್ನು ಪತ್ರಿಕೆಗಳು ಎರಡನೆಯ ವಾಟರ್ಲೂ ಕದನವೆಂದು ಬಣ್ಣಿಸಿದುವು. ಫೆಬ್ರವರಿ 6ರಂದು ಡೊಮಿನಿಯನ್ ರಂಗಮಂದಿರದಲ್ಲಿ ಅವನ ಕಚೇರಿ. ಆಟದ ಮೊದಲರ್ಧವನ್ನು ವಿಕ್ ಲೂಯಿಸ್ ಎಂಬಾತನ ವಾದ್ಯವೃಂದವು ಸಾಂಗವಾಗಿ ನಡೆಸಿಕೊಟ್ಟಿತು. ಉತ್ತರಾರ್ಧದಲ್ಲಿ ಕೆಲವೇ ಹಾಡುಗಳ ಮಟ್ಟಿಗೆ ಕಾಣಿಸಿಕೊಂಡ ನಾಯಕನು ಮೂವತ್ತೊಂದರ ಹರೆಯದ, ತುಂಬುಗೆನ್ನೆಯ ಸಂಸಾರಸ್ಥ. ಕುರ್ಚಿ ಮುರಿಯಲು ಬಂದವರಿಗೆ ಅಂಥ ಆವೇಶವೇನೂ ಉಕ್ಕಿರಲಾರದು.

ಆದರೆ ಪ್ರವಾಸದ ಪದ್ಧತಿಯೊಂದು ಅಲ್ಲಿಂದ ನೆಲೆನಿಂತಿತು. ಓಡಿಯನ್, ಗೋಮಾಂಟ್, ಎಬಿಸಿ ಎಂಬ ಚಿತ್ರಮಂದಿರ ಸರಣಿಗಳು ದೇಶಾದ್ಯಂತ ಹರಡಿದ್ದುದರಿಂದ, ಒಂದೇ ಬಸ್ಸಿನಲ್ಲಿ ಆರೇಳು ತಂಡಗಳನ್ನು ತುಂಬಿಸಿ ರಾತ್ರಿಗೊಂದು ಊರಿನಂತೆ ಸುತ್ತಿಸುವುದು ಸುಲಭವಾಯಿತು. ಸಂಜೆಯ ಹೊತ್ತು ಒಂದು ಆಟ, ರಾತ್ರಿ ಇನ್ನೊಂದು ಆಟ. ಎರಡರ ನಡುವೆ ಮಂದಿರವನ್ನು ಗುಡಿಸಿ ಸಿದ್ಧಗೊಳಿಸಲು ಅರ್ಧ ಗಂಟೆಯೂ ಸಿಗುತ್ತಿರಲಿಲ್ಲ. ಚಿತ್ರಮಂದಿರದ ಗಡಿಯಾರವೇ ಕಚೇರಿಯ ತಾಳ. ಸಣ್ಣ ತಂಡಕ್ಕೆ ಎರಡು ಮೂರು ಹಾಡು, ಹೆಸರಾಂತ ತಂಡಕ್ಕೆ ಅರ್ಧ ಗಂಟೆ, ಮಧ್ಯೆ ಹಾಸ್ಯಗಾರನೊಬ್ಬನ ನಿರೂಪಣೆ. ಕೊನೆಯಲ್ಲಿ ರಾಷ್ಟ್ರಗೀತೆಯನ್ನು ನುಡಿಸುವ ರೂಢಿಯಿದ್ದು, ಇಡೀ ಸಂಜೆಯಲ್ಲಿ ಪ್ರೇಕ್ಷಕನು ಅಧಿಕೃತವಾಗಿ ಎದ್ದು ನಿಲ್ಲಬೇಕಾದ ಗಳಿಗೆ ಅದೊಂದೇ ಆಗಿದ್ದಿತು.

ಈ ವ್ಯವಸ್ಥೆಯ ಪರಾಕಾಷ್ಠೆಯೂ ವಿಪರೀತವೂ ಬೀಟಲ್ಸ್ ತಂಡದ ಕಾಲದಲ್ಲಿ ಒಟ್ಟಿಗೆ ಸಂಭವಿಸಿದುವು. 1963ರ ಡಿಸೆಂಬರ್ 24ರಿಂದ ಮರುವರ್ಷದ ಜನವರಿ 11ರ ವರೆಗೆ ಫಿನ್ಸ್‌ಬರಿ ಪಾರ್ಕಿನ ಆಸ್ಟೋರಿಯಾದಲ್ಲಿ ಅವರ ಕ್ರಿಸ್‌ಮಸ್ ಪ್ರದರ್ಶನವು ಮೂವತ್ತು ಆಟಗಳನ್ನು ಕಂಡಿತು. ಹೆಚ್ಚುಕಡಿಮೆ ಒಂದು ಲಕ್ಷ ಟಿಕೆಟ್ಟುಗಳು ಮಾರಾಟವಾದುವು. ಹಾಡುಗಳ ಜೊತೆಗೆ ಪ್ರಹಸನಗಳೂ ಇದ್ದುವು. ಹಳೆಯ ಕಾಲದ ಮೆಲೋಡ್ರಾಮವೊಂದನ್ನು ಅಣಕಿಸುವ ಆಟದಲ್ಲಿ ಜಾರ್ಜ್ ಹ್ಯಾರಿಸನ್ ತಲೆಗೆ ವಸ್ತ್ರ ಕಟ್ಟಿಕೊಂಡು ಅಬಲೆಯಾದ ನಾಯಿಕೆಯ ಪಾತ್ರ ವಹಿಸುತ್ತಿದ್ದನು, ಜಾನ್ ಲೆನನ್ ದುಷ್ಟ ಜಮೀನುದಾರನಾಗುತ್ತಿದ್ದನು. ಜಗತ್ತನ್ನು ಬೆರಗುಗೊಳಿಸಲಿದ್ದ ತಂಡವು ಹಳೆಯ ರಂಗಭೂಮಿಯ ಸಂಪ್ರದಾಯಕ್ಕೆ ಎಷ್ಟು ವಿಧೇಯವಾಗಿ ತಲೆಬಾಗಿ ನಡೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದಕ್ಕೂ ಸುಮಾರು ಏಳು ವಾರಗಳ ಹಿಂದೆ, ನವೆಂಬರ್ 4ರಂದು, ಪ್ರಿನ್ಸ್ ಆಫ್ ವೇಲ್ಸ್ ರಂಗಮಂದಿರದಲ್ಲಿ ರಾಜಮಾತೆಯ ಸಮಕ್ಷಮದಲ್ಲಿ ಹಾಡುವಾಗ, ಅಗ್ಗದ ಆಸನಗಳವರು ಚಪ್ಪಾಳೆ ತಟ್ಟಲಿ, ಉಳಿದವರು ತಮ್ಮ ಒಡವೆಗಳನ್ನು ಅಲುಗಾಡಿಸಿದರೆ ಸಾಕು ಎಂದು ಲೆನನ್ ನುಡಿದ ಮಾತು ಪ್ರಸಿದ್ಧವಾಗಿದೆ. ಆ ವಿನೋದವು ಆಸನಗಳ ದರಪಟ್ಟಿಯನ್ನು ಬಿಟ್ಟರೆ ಹುಟ್ಟುವಂತೆಯೇ ಇರಲಿಲ್ಲ.

ಫಿನ್ಸ್‌ಬರಿ ಪಾರ್ಕಿನಲ್ಲಿ ಮಾತ್ರ ಅಗ್ಗದ ಸಾಲೂ ದುಬಾರಿ ಸಾಲೂ ಒಂದೇ ಸ್ವರದಲ್ಲಿ ಕಿರುಚಿದುವು. ಹ್ಯಾರಿಸನ್‌ಗೆ ಜೆಲ್ಲಿ ಬೇಬಿ ಎಂಬ ಮಿಠಾಯಿ ಇಷ್ಟವೆಂದು ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅವುಗಳ ಮಳೆಯೇ ವೇದಿಕೆಗೆ ಸುರಿಯಿತು. ಮೂರು ಸಾವಿರ ಬಾಲಕಿಯರ ಚೀತ್ಕಾರದ ಮುಂದೆ ಅಂದಿನ ಗಿಟಾರ್ ಧ್ವನಿವರ್ಧಕಗಳು ಏನು ಮಾಡಬಲ್ಲುವು? ಹಾಡು ಯಾರಿಗೂ ಕೇಳಿಸುತ್ತಿರಲಿಲ್ಲ, ಹಾಡುವವರಿಗೂ ಕೇಳಿಸುತ್ತಿರಲಿಲ್ಲ. ಇಷ್ಟಾದರೂ ಬಹುಪಾಲು ಪ್ರೇಕ್ಷಕರು ಕುರ್ಚಿಯಲ್ಲಿಯೇ ಇದ್ದರೆಂಬುದು ಸ್ವಾರಸ್ಯದ ಸಂಗತಿ. ಆ ಕಾಲದ ಛಾಯಾಚಿತ್ರಗಳಲ್ಲಿ ಹುಡುಗಿಯರು ಆಸನದ ಅಂಚಿಗೆ ಜಾರಿ, ಮುಂದಿನ ಸಾಲಿನ ಬೆನ್ನೊರಗನ್ನು ಎರಡು ಕೈಗಳಿಂದಲೂ ಹಿಡಿದು, ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತ, ದೇಹವೆಲ್ಲ ಎದ್ದು ಹೋದರೂ ಪಾದಗಳು ಮಾತ್ರ ನೆಲ ಕಚ್ಚಿರುವುದನ್ನು ಕಾಣಬಹುದು. ಕುಣಿತಕ್ಕೆ ಎಡೆಯಿಲ್ಲದ ಶಕ್ತಿಯೆಲ್ಲ ಕಂಠಕ್ಕೆ ಏರಿ ಚೀತ್ಕಾರವಾಯಿತೆಂದು ನಾನು ಊಹಿಸುತ್ತೇನೆ.

ಅದೇ ವೇದಿಕೆಯ ಮೇಲೆ 1967ರ ಮಾರ್ಚ್ 31ರಂದು ವಾಕರ್ ಬ್ರದರ್ಸ್, ಕ್ಯಾಟ್ ಸ್ಟೀವನ್ಸ್, ಎಂಗಲ್‌ಬರ್ಟ್ ಹಂಪರ್‌ಡಿಂಕ್ ಇವರೊಡನೆ ಒಂದೇ ಟಿಕೆಟ್ಟಿಗೆ ಕಾಣಿಸಿಕೊಂಡ ಜಿಮಿ ಹೆಂಡ್ರಿಕ್ಸ್, ತನಗೆ ಸಂದ ಅಲ್ಪ ಸಮಯದಲ್ಲಿ ಎಲ್ಲರ ನೆನಪಿನಲ್ಲಿ ಉಳಿಯುವಂಥದೇನನ್ನಾದರೂ ಮಾಡಬೇಕೆಂದು ನಿರ್ಧರಿಸಿ, ಸಿಗರೇಟ್ ಲೈಟರಿನ ಎಣ್ಣೆಯನ್ನು ಗಿಟಾರಿನ ಮೇಲೆ ಸುರಿದು ಕಡ್ಡಿ ಗೀರಿದನು. ಸಲಹೆ ಪತ್ರಕರ್ತನೊಬ್ಬನದು, ಸುಟ್ಟದ್ದು ಕಲಾವಿದನ ಕೈ. ಬೆಂಕಿಯ ಭಯದಿಂದ ಕುರ್ಚಿಗಳನ್ನು ನೆಲಕ್ಕೆ ಬಿಗಿಸಿದ ಅಧಿಕಾರಿಗಳು ಈ ಸುದ್ದಿಯನ್ನು ಯಾವ ಮುಖಭಾವದಿಂದ ಓದಿದರೋ!

ಈ ಹೊತ್ತಿಗೆ ಅಮೆರಿಕದಲ್ಲಿ ಬೇರೊಂದು ಪ್ರಯೋಗ ನಡೆದಿದ್ದಿತು. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಎಂಬುದು ನೃತ್ಯಶಾಲೆ. ಅಲ್ಲಿ ಕುರ್ಚಿಗಳಿರಲಿಲ್ಲ, ಜನರು ಕುಣಿಯುತ್ತಲೋ ನೆಲದ ಮೇಲೆ ಒರಗಿಯೋ ಸಂಗೀತವನ್ನು ಅನುಭವಿಸುತ್ತಿದ್ದರು. ಅದರ ಸಂಚಾಲಕ ಬಿಲ್ ಗ್ರಹಾಂ 1968ರ ಮಾರ್ಚ್ 8ರಂದು ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದಲ್ಲಿ ಹಿಂದೆ ಯಿಡ್ಡಿಷ್ ನಾಟಕಗಳು ನಡೆಯುತ್ತಿದ್ದ ಒಂದು ಹಳೆಯ ರಂಗಮಂದಿರವನ್ನು ಫಿಲ್ಮೋರ್ ಈಸ್ಟ್ ಎಂಬ ಹೆಸರಿನಿಂದ ತೆರೆದಾಗ, ಅಲ್ಲಿನ ಎರಡು ಸಾವಿರದ ಆರುನೂರರಷ್ಟು ಆಸನಗಳನ್ನು ಹಾಗೆಯೇ ಉಳಿಸಿಕೊಂಡನು. ರಾತ್ರಿ ಎಂಟಕ್ಕೊಂದು ಆಟ, ಹನ್ನೊಂದೂವರೆಗೊಂದು ಆಟ. ಪರಿಚಾರಕರು ಶಿಸ್ತಿನಿಂದ ಜನರನ್ನು ಅವರವರ ಸಾಲಿಗೆ ಒಯ್ಯುತ್ತಿದ್ದರು. ವೇದಿಕೆಯ ಹಿಂದಿನ ಬಿಳಿಯ ಪರದೆಯ ಮೇಲೆ ಜಾಶುವಾ ವೈಟ್ ಎಂಬಾತನ ಬಳಗವು ಎಣ್ಣೆ, ನೀರು, ಬಣ್ಣಗಳನ್ನು ಬೆರಸಿ ಚಲಿಸುವ ಚಿತ್ರಗಳನ್ನು ಮೂಡಿಸುತ್ತಿದ್ದಿತು. ಆಶ್ಚರ್ಯವೆಂದರೆ ಇಲ್ಲಿಯ ಪ್ರೇಕ್ಷಕರು ಚೀರಲಿಲ್ಲ, ಕೇಳಿದರು. ಆಲ್‌ಮನ್ ಬ್ರದರ್ಸ್ ತಂಡವು 1971ರ ಮಾರ್ಚಿನಲ್ಲಿ ಅಲ್ಲಿ ಮುದ್ರಿಸಿಕೊಂಡ ಕಚೇರಿಯ ಧ್ವನಿಮುದ್ರಿಕೆಯನ್ನು ಕೇಳಿದವರಿಗೆ, ಇಪ್ಪತ್ತು ನಿಮಿಷಗಳನ್ನೂ ಮೀರುವ ಮನೋಧರ್ಮವಿಸ್ತಾರದ ಮಧ್ಯದಲ್ಲಿ ಸಭೆಯು ಎಷ್ಟು ನಿಶ್ಶಬ್ದವಾಗಿ ಕಾಯಬಲ್ಲುದೆಂಬುದು ತಿಳಿಯುತ್ತದೆ. ನಮ್ಮ ರಾಗಾಲಾಪನೆಯ ರಸಿಕರಿಗೆ ಈ ನಿಶ್ಶಬ್ದದ ಪರಿಚಯ ಚೆನ್ನಾಗಿದೆ. ಅದು ಬೇಸರದ ಮೌನವಲ್ಲ. ತುದಿಗಾಲಲ್ಲಿ ನಿಂತ ಮೌನ, ಕುಳಿತೇ ತುದಿಗಾಲಲ್ಲಿ ನಿಂತಿರುವುದು.

ಆ ವರ್ಷದ ಜೂನ್ 27ರಂದು ಗ್ರಹಾಂ ತನ್ನ ನ್ಯೂಯಾರ್ಕಿನ ಮಂದಿರವನ್ನು ಮುಚ್ಚಿದನು. ಲಂಡನ್ನಿನ ಆಸ್ಟೋರಿಯಾವು ಅಷ್ಟರಲ್ಲಿ ಓಡಿಯನ್ ಎಂದು ಹೆಸರು ಬದಲಿಸಿಕೊಂಡಿದ್ದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಿತ್ರಮಂದಿರವಾಗಿ ಕೊನೆಯುಸಿರೆಳೆಯಿತು. ಫಿಲ್ಮೋರ್‌ನಲ್ಲಿ ದುಡಿದು, ವುಡ್‌ಸ್ಟಾಕಿನ ಮಹಾಮೇಳದಲ್ಲಿಯೂ ಕೆಲಸ ಮಾಡಿದ್ದ ಜಾನ್ ಮಾರಿಸ್ ಎಂಬಾತನು ಈ ಖಾಲಿ ಮಂದಿರವನ್ನು ವಹಿಸಿಕೊಂಡು 1971ರ ನವೆಂಬರ್ 4ರಂದು ದಿ ಹೂ ತಂಡದ ಕಚೇರಿಯೊಂದಿಗೆ ರೇನ್‌ಬೋ ಎಂಬ ಹೊಸ ಹೆಸರಿನಲ್ಲಿ ತೆರೆದನು. ಆ ತಂಡವು ಹಿಂದಿನ ವರ್ಷದ ಜೂನಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸಿನಲ್ಲಿಯೇ ತನ್ನ 'ಟಾಮಿ' ಎಂಬ ರಾಕ್ ಆಪೆರಾವನ್ನು ಹಾಡಿ ಬಂದಿದ್ದಿತಾದ್ದರಿಂದ ಗಾರೆಯ ಅರಮನೆಗಳೂ ಮಖಮಲ್ಲಿನ ಪೀಠಗಳೂ ಅದಕ್ಕೆ ಹೊಸತಾಗಿರಲಿಲ್ಲ.

ರೇನ್‌ಬೋದ ಮೊದಲ ಮೂರು ಚಿಲ್ಲರೆ ವರ್ಷಗಳನ್ನು ಆಸನಸ್ಥ ರಾಕ್ ಸಂಗೀತದ ಸುವರ್ಣಕಾಲವೆಂದು ನಾನು ಧಾರಾಳವಾಗಿ ಕರೆಯುತ್ತೇನೆ. 1972ರ ಫೆಬ್ರವರಿ 17ರಿಂದ ನಾಲ್ಕು ರಾತ್ರಿ ಪಿಂಕ್ ಫ್ಲಾಯ್ಡ್ ತಂಡವು ಇಲ್ಲಿ 'ಡಾರ್ಕ್ ಸೈಡ್ ಆಫ್ ದಿ ಮೂನ್' ಕೃತಿಯನ್ನು ಆದ್ಯಂತವಾಗಿ ನುಡಿಸಿತು. ಧ್ವನಿಮುದ್ರಿಕೆ ಹೊರಬಂದದ್ದು 1973ರ ಮಾರ್ಚಿನಲ್ಲಿ. ಎಂದರೆ, ತಾವು ಹಿಂದೆಂದೂ ಕೇಳದಿದ್ದ, ಯಾವ ರೇಡಿಯೋವೂ ಬಾಯಿಪಾಠ ಮಾಡಿಸದಿದ್ದ ಅಖಂಡ ಕೃತಿಯೊಂದನ್ನು ಮೂರು ಸಾವಿರ ಜನ ತರುಣರು ಕತ್ತಲಲ್ಲಿ ಕುಳಿತು ಮೊದಲಿನಿಂದ ಕೊನೆಯ ತನಕ ಆಲಿಸಿದರು. ಆ ವರ್ಷದ ಆಗಸ್ಟಿನಲ್ಲಿ ಡೇವಿಡ್ ಬೋವಿ ಇದೇ ವೇದಿಕೆಯ ಮೇಲೆ ಅಟ್ಟಗಳನ್ನು ಏರಿಸಿ, ಲಿಂಡ್ಸೆ ಕೆಂಪ್ ಎಂಬ ಮೂಕಾಭಿನಯ ಕಲಾವಿದನ ಬಳಗದೊಡನೆ ತನ್ನ ಜಿಗ್ಗಿ ಸ್ಟಾರ್‌ಡಸ್ಟ್ ಪಾತ್ರವನ್ನು ನಾಟಕವಾಗಿ ಬೆಳೆಸಿದನು. ಡಿಸೆಂಬರಿನಲ್ಲಿ ಯೆಸ್ ತಂಡವು ಹದಿನೆಂಟು ನಿಮಿಷಕ್ಕೂ ಮೀರಿದ 'ಕ್ಲೋಸ್ ಟು ದಿ ಎಡ್ಜ್' ಕೃತಿಯನ್ನು ನುಡಿಸುವುದನ್ನು ಇಲ್ಲಿಯೇ ಚಿತ್ರೀಕರಿಸಲಾಯಿತು. ಮರುವರ್ಷ ಜನವರಿ 13ರಂದು, ಬಹುಕಾಲ ಜನರಿಂದ ದೂರವಿದ್ದ ಎರಿಕ್ ಕ್ಲ್ಯಾಪ್ಟನ್ ಅನ್ನು ಗೆಳೆಯ ಪೀಟ್ ಟೌನ್‌ಶೆಂಡ್ ಕೈಹಿಡಿದು ಮತ್ತೆ ವೇದಿಕೆಗೆ ಕರೆತಂದನು. ನಿಂತು ನೂಕಾಡುವ ಸಂದಣಿಯ ಮುಂದೆ ಇವುಗಳಲ್ಲಿ ಕೆಲವಾದರೂ ಸಾಧ್ಯವಾಗುತ್ತಿರಲಿಲ್ಲವೆಂದು ನನ್ನ ನಂಬಿಕೆ. ಹದಿನೆಂಟು ನಿಮಿಷದ ಹಾಡನ್ನು ರಚಿಸುವ ಧೈರ್ಯವು ಗಿಟಾರಿನಿಂದ ಮಾತ್ರ ಬರುವುದಿಲ್ಲ. ಕೇಳುವವನ ಸೊಂಟಕ್ಕೆ ಆಧಾರವಿದೆಯೆಂಬ ಭರವಸೆಯೂ ಬೇಕು.

ಅಂಥ ಒಂದು ಸಂಜೆಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಕೆಳಗಿನ ಸ್ಟಾಲ್ಸ್ ಮತ್ತು ಮೇಲಿನ ಸರ್ಕಲ್ ಎಂಬ ಎರಡು ವರ್ಗಗಳು. ಟಿಕೆಟ್ಟಿನ ಮೇಲೆ ಸಾಲಿಗೊಂದು ಅಕ್ಷರ, ಆಸನಕ್ಕೊಂದು ಅಂಕಿ. ಬಾಗಿಲಲ್ಲಿ ಟಿಕೆಟ್ಟಿನ ಅರ್ಧವನ್ನು ಹರಿದು ಉಳಿದದ್ದನ್ನು ಕೈಗಿಡುತ್ತಿದ್ದರು. ಕೈದೀಪ ಹಿಡಿದ ಪರಿಚಾರಿಕೆಯು ಸಾಲಿನ ತನಕ ಕರೆದೊಯ್ಯುತ್ತಿದ್ದಳು. ಕುಳಿತಿದ್ದವರು ಮೊಣಕಾಲುಗಳನ್ನು ಓರೆ ಮಾಡಿ, ಕೋಟನ್ನು ಎದೆಗವಚಿಕೊಂಡು ದಾರಿಬಿಟ್ಟ ಮೇಲೆ, ಎದ್ದವನ ಹಿಂದೆ ತಾನಾಗಿ ಮಡಿಚಿಕೊಳ್ಳುವ ಪೀಠವನ್ನು ಅಂಗೈಯಿಂದ ಒತ್ತಿ ಕೂರಬೇಕು. ಎದುರಿನ ಬೆನ್ನೊರಗಿಗೆ ಸಿಗರೇಟಿನ ಬೂದಿಗೆಂದು ಪುಟ್ಟ ಲೋಹದ ಡಬ್ಬಿ. ಮೊದಲು ಹೆಸರಿಲ್ಲದ ತಂಡವೊಂದು ಅರ್ಧ ಖಾಲಿಯಾದ ಸಭೆಗೆ ನುಡಿಸುವುದು. ಬಿಡುವಿನಲ್ಲಿ ಕೊರಳಿಗೆ ತಟ್ಟೆ ತೂಗಿಸಿಕೊಂಡ ಹೆಂಗಸಿನಿಂದ ಐಸ್ ಕ್ರೀಮು. ದೀಪಗಳು ಆರುತ್ತಲೇ ಒಂದು ಹುಯಿಲು, ಆಮೇಲೆ ಒಂದೂವರೆ ಗಂಟೆ ಆಲಿಸುವಿಕೆ.

ಮುಖ್ಯ ವಿಷಯ ಕೊನೆಯ ಇಪ್ಪತ್ತು ನಿಮಿಷಗಳದು. ವೇಗದ ಹಾಡೊಂದು ಆರಂಭವಾಗುತ್ತಲೇ ಮುಂದಿನ ಸಾಲಿನಲ್ಲಿ ಒಬ್ಬನು ಎದ್ದನೆನ್ನಿ. ಅವನ ಹಿಂದಿನವನಿಗೆ ವೇದಿಕೆ ಮರೆಯಾಗಿ ಅವನೂ ಏಳಲೇಬೇಕು. ಹೀಗೆ ಸಾಲಿನಿಂದ ಸಾಲಿಗೆ ಏಳುತ್ತ ಏಳುತ್ತ ಅಲೆಯು ಸಭೆಯ ಹಿಂದಿನ ಗೋಡೆಯನ್ನು ಮುಟ್ಟುವಷ್ಟರಲ್ಲಿ ಪರಿಚಾರಕರು ಸೋತು ಹಾದಿಯ ಅಂಚಿಗೆ ಸರಿಯುತ್ತಿದ್ದರು. ತಂಡವು ವೇದಿಕೆಯಿಂದ ನಿರ್ಗಮಿಸಿದಂತೆ ನಟಿಸಿ, ಜನರು ಕರೆದ ಮೇಲೆ ಮತ್ತೆ ಬಂದಾಗ, ಹಾದಿಗಳೆಲ್ಲ ವೇದಿಕೆಯತ್ತ ಧಾವಿಸುವವರಿಂದ ತುಂಬುತ್ತಿದ್ದುವು. ನಮ್ಮ ಕಂಪನಿ ನಾಟಕಗಳಲ್ಲಿ 'ಒನ್ಸ್ ಮೋರ್' ಎಂಬ ಕೂಗಿಗೆ ಓಗೊಟ್ಟು, ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದನೆಂದು ಹಿರಿಯರು ಹೇಳುವುದುಂಟು. ಅಲ್ಲಿ ಏಳುತ್ತಿದ್ದವನು ನಟ, ಇಲ್ಲಿ ಪ್ರೇಕ್ಷಕ. ತಾನು ಕೊಟ್ಟ ಕಚೇರಿಯು ಗೆದ್ದಿತೋ ಸೋತಿತೋ ಎಂಬುದನ್ನು ಗಾಯಕನು ಬೆಳಗಿನ ಪತ್ರಿಕೆಗೆ ಕಾಯದೆ ತಿಳಿಯಬಹುದಾಗಿದ್ದಿತು: ಎಷ್ಟನೆಯ ಹಾಡಿಗೆ ಅವರು ಎದ್ದರು? ಮೊದಲಿನಿಂದಲೇ ನಿಂತಿರುವ ಸಭೆಯಲ್ಲಿ ಈ ಅಳತೆಗೋಲು ಇಲ್ಲ.

ಹಳೆಯ ಕಟ್ಟಡದ ಅಂಗರಚನೆ ಕೆಲವೊಮ್ಮೆ ಕ್ರೂರವಾಗಿಯೂ ವರ್ತಿಸಿತು. ವಾದ್ಯಮೇಳದವರು ಕುಳಿತುಕೊಳ್ಳಲೆಂದು ವ್ಯವಸ್ಥೆ ಮಾಡಿದ ಆಳವಾದ ಕುಣಿಯೊಂದು ವೇದಿಕೆಗೂ ಮೊದಲ ಸಾಲಿಗೂ ನಡುವೆ ಇದ್ದಿತು. 1971ರ ಡಿಸೆಂಬರ್ 10ರಂದು ಫ್ರ್ಯಾಂಕ್ ಜಾಪಾ ಕಚೇರಿ ಮುಗಿಸುತ್ತಿದ್ದಾಗ ಪ್ರೇಕ್ಷಕನೊಬ್ಬನು ವೇದಿಕೆಗೆ ನುಗ್ಗಿ ಅವನನ್ನು ಆ ಕುಣಿಗೆ ನೂಕಿದನು. ಕಾಂಕ್ರೀಟಿನ ನೆಲಕ್ಕೆ ಬಿದ್ದವನ ಕಾಲು, ಪಕ್ಕೆಲುಬು, ತಲೆಗಳಿಗೆ ಭಾರಿ ಪೆಟ್ಟಾಗಿ, ಕಂಠನಾಳ ಜಜ್ಜಿ, ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು. ಅವನ ಧ್ವನಿಯೇ ಶಾಶ್ವತವಾಗಿ ತಗ್ಗಿತು. ಅದಕ್ಕೆ ಆರೇ ದಿನಗಳ ಹಿಂದೆ ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ ಅವನ ಕಚೇರಿ ನಡೆಯುತ್ತಿದ್ದಾಗಲೇ ಸಭಾಗೃಹವು ಸುಟ್ಟು ಬೂದಿಯಾಗಿದ್ದಿತು.

ಗ್ಲಾಸ್ಗೋ ನಗರದ ಅಪೊಲೊ ಮಂದಿರವನ್ನು ಹೇಳದೆ ಮುಂದೆ ಹೋದರೆ ಸ್ಕಾಟ್ಲೆಂಡಿನವರು ಕ್ಷಮಿಸಲಾರರು. 1927ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಆಸನಗಳೊಡನೆ ಗ್ರೀನ್ಸ್ ಪ್ಲೇಹೌಸ್ ಎಂಬ ಹೆಸರಿನಿಂದ ತೆರೆದ ಅದು 1973ರಲ್ಲಿ ಅಪೊಲೊ ಆಯಿತು. ಅದರ ವೇದಿಕೆ ಆಳೆತ್ತರಕ್ಕಿಂತಲೂ ಎಷ್ಟೋ ಎತ್ತರವಾಗಿದ್ದು ಹತ್ತಿ ಬರುವ ಸಾಹಸಿಗಳನ್ನು ತಾನಾಗಿ ತಡೆಯುತ್ತಿದ್ದಿತು. ಬಾಲ್ಕನಿಯಾದರೋ ಜನ ಕಾಲು ಕುಟ್ಟಿದಾಗ ಕಣ್ಣಿಗೆ ಕಾಣುವಂತೆ ಮೇಲೆ ಕೆಳಗೆ ತುಯ್ಯುತ್ತಿದ್ದಿತು. ಭಾರಕ್ಕೆ ಬಾಗುವಂತೆಯೇ ಅದನ್ನು ಕಟ್ಟಿದ್ದರೆಂದು ತಿಳಿದವರು ಹೇಳುವರು. ಅದರ ಕೆಳಗೆ ಕುಳಿತವರಿಗೆ ಆ ವಿವರಣೆಯಿಂದ ಎಷ್ಟು ಸಮಾಧಾನವಾಗುತ್ತಿದ್ದಿತೋ ಕಾಣೆ. 1985ರಲ್ಲಿ ಮುಚ್ಚಿದ ಆ ಮಂದಿರ ಈಗ ಇಲ್ಲ.

1977ರಲ್ಲಿ ಕುರ್ಚಿಯ ಮೇಲೆ ಬಹಿರಂಗ ಯುದ್ಧ ಘೋಷಣೆಯಾಯಿತು. ಹಣದ ಅಡಚಣೆಯಿಂದ 1975ರ ಮಾರ್ಚಿನಲ್ಲಿ ಮುಚ್ಚಿದ್ದ ರೇನ್‌ಬೋ, 1977ರ ಹೊಸವರ್ಷದ ದಿನ ಜೆನೆಸಿಸ್ ತಂಡದ ಕಚೇರಿಯಿಂದ ಪುನರಾರಂಭವಾಗಿದ್ದಿತು. ಹದಿನೆಂಟು ನಿಮಿಷದ ಹಾಡುಗಳನ್ನೂ ಅವುಗಳನ್ನು ಕುಳಿತು ಕೇಳುವವರನ್ನೂ ಸಮಾನವಾಗಿ ತಿರಸ್ಕರಿಸಿದ ಪಂಕ್ ಪೀಳಿಗೆಯು ಮೇ 9ರಂದು ದಿ ಕ್ಲ್ಯಾಶ್ ತಂಡದ ಕಚೇರಿಗೆ ಬಂದು ನೆಲದಿಂದ ಆಸನಗಳನ್ನು ಕಿತ್ತು ವೇದಿಕೆಯತ್ತ ಸಾಗಿಸಿತು. ಡಿಸೆಂಬರ್ 31ರಂದು ರಮೋನ್ಸ್ ತಂಡವು ನುಡಿಸಿ ಮುಗಿಸಿದಾಗ ಹತ್ತು ಸಾಲುಗಳ ಕುರ್ಚಿಗಳು ವೇದಿಕೆಗೆ ಹಾರಿದುವಂತೆ. ಆ ಪ್ರವಾಸದಲ್ಲಿ ಮುದ್ರಿಸಿಕೊಂಡಿದ್ದ ಹಲವು ರಾತ್ರಿಗಳ ಪೈಕಿ ಈ ರಾತ್ರಿಯನ್ನೇ ಧ್ವನಿಮುದ್ರಿಕೆಗೆ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣವೆಂದು ಪ್ರತೀತಿ. ಮುರಿದ ಕುರ್ಚಿಯು ವಿಮರ್ಶೆಯ ಶ್ಲಾಘನೆಯಾಯಿತು. ಇವೆರಡರ ನಡುವೆ, ಜೂನ್ ತಿಂಗಳ ಮೊದಲ ನಾಲ್ಕು ರಾತ್ರಿ ಬಾಬ್ ಮಾರ್ಲಿ ಹಾಡಿದಾಗಲೂ ಸಭೆ ಎದ್ದು ಕುಣಿಯಿತು; ಕುಣಿತಕ್ಕೆ ಕುರ್ಚಿ ಮುರಿಯಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಅದನ್ನು ಉದಾಹರಿಸಬಹುದು.

ಕುರ್ಚಿಯನ್ನು ಕಿತ್ತೊಗೆಯುವುದೇ ಸ್ವಾತಂತ್ರ್ಯವೆಂದು ವಾದಿಸುವವರ ಮುಂದೆ ಒಂದು ಕಹಿ ಘಟನೆಯನ್ನು ಇಡಬೇಕಾಗಿದೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿ ನಗರದ ಬೃಹತ್ ಕ್ರೀಡಾಂಗಣದಲ್ಲಿ ದಿ ಹೂ ತಂಡದ ಕಚೇರಿಗೆ ಬಹುಪಾಲು ಟಿಕೆಟ್ಟುಗಳನ್ನು ಆಸನದ ಅಂಕಿಯಿಲ್ಲದೆ ಮಾರಿದ್ದರು. ಮೊದಲು ಹೊಕ್ಕವರಿಗೆ ಮುಂದಿನ ಜಾಗ. ಚಳಿಯಲ್ಲಿ ಗಂಟೆಗಟ್ಟಲೆ ಕಾದ ಜಂಗುಳಿಯು, ತೆರೆದ ಕೆಲವೇ ಬಾಗಿಲುಗಳತ್ತ ನುಗ್ಗಿದಾಗ, ಹನ್ನೊಂದು ಮಂದಿ ಉಸಿರುಗಟ್ಟಿ ಸತ್ತರು. ಆ ತಿಂಗಳು ಮುಗಿಯುವುದರೊಳಗೆ ನಗರಸಭೆಯು ಅಂಕಿಯಿಲ್ಲದ ಪ್ರವೇಶವನ್ನು ನಿಷೇಧಿಸಿತು. 2004ರ ವರೆಗೂ ಆ ನಿಷೇಧ ಉಳಿಯಿತು. ಟಿಕೆಟ್ಟಿನ ಮೂಲೆಯಲ್ಲಿ ಅಚ್ಚಾಗುವ ಒಂದು ಅಕ್ಷರ, ಒಂದು ಅಂಕಿಯು ನಿಧಾನವಾಗಿ ಬರುವವನಿಗೂ ಗಿಡ್ಡನಿಗೂ ದುರ್ಬಲನಿಗೂ ಕೊಡುವ ಆಶ್ವಾಸನೆಯನ್ನು ಹಗುರವಾಗಿ ಕಾಣಲಾಗದು.

ರೇನ್‌ಬೋಗೆ ಮಾತ್ರ ಪಂಕ್ ಹುಡುಗರಿಗಿಂತ ದೊಡ್ಡ ಶತ್ರು ಅದರ ಸೌಂದರ್ಯವೇ ಆಯಿತು. 1974ರಲ್ಲಿ ಸರ್ಕಾರವು ಅದನ್ನು ರಕ್ಷಿತ ಕಟ್ಟಡವೆಂದು ಪಟ್ಟಿಗೆ ಸೇರಿಸಿದ್ದರಿಂದ, ಗಾರೆಯ ಊರನ್ನೂ ಕಾರಂಜಿಯನ್ನೂ ನಕ್ಷತ್ರಗಳನ್ನೂ ಕೆಡಿಸದೆ ದುರಸ್ತಿ ಮಾಡಬೇಕಾದ ವೆಚ್ಚವು ಒಡೆಯರ ಶಕ್ತಿಯನ್ನು ಮೀರಿತು. 1981ರ ಕ್ರಿಸ್‌ಮಸ್ ಮುನ್ನಾದಿನ ಕೊನೆಯ ಕಚೇರಿ ನಡೆದು ಬಾಗಿಲು ಮುಚ್ಚಿತು. ಹಲವು ವರ್ಷ ಪಾಳುಬಿದ್ದಿದ್ದ ಅದನ್ನು 1995ರಲ್ಲಿ ಬ್ರೆಜಿಲ್ ಮೂಲದ ಕ್ರೈಸ್ತ ಪಂಥವೊಂದು ಕೊಂಡು, ಶ್ರದ್ಧೆಯಿಂದ ಜೀರ್ಣೋದ್ಧಾರ ಮಾಡಿ ಪ್ರಾರ್ಥನಾಮಂದಿರವಾಗಿಸಿದೆ. ಎದ್ದು ನಿಲ್ಲುವುದಕ್ಕೂ ಕೂರುವುದಕ್ಕೂ ಅಲ್ಲಿ ಈಗ ವಿಧಿಬದ್ಧವಾದ ಕ್ರಮವಿದೆ.

ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ನಿನ ಗತಿ ಬೇರೆಯಾಯಿತು. ರಾಬರ್ಟ್ ಕ್ರೋಮಿ 1932ರಲ್ಲಿ ಕಟ್ಟಿದ, ಬೋವಿ 1973ರ ಜುಲೈ 3ರಂದು ತನ್ನ ಜಿಗ್ಗಿ ಪಾತ್ರಕ್ಕೆ ಮಂಗಳ ಹಾಡಿದ ಆ ಮಂದಿರವು ಎಂದೂ ಮುಚ್ಚಿಹೋಗದೆ, 2003ರಲ್ಲಿ ಕೆಳಗಿನ ಅಂತಸ್ತಿನ ಕುರ್ಚಿಗಳನ್ನು ಬೇಕೆಂದಾಗ ತೆಗೆದಿಡುವಂತೆ ಮಾರ್ಪಾಡಾಯಿತು. ಎಲ್ಲರೂ ಕುಳಿತರೆ ಅಲ್ಲಿ 3,632 ಮಂದಿಗೆ ಸ್ಥಳ. ಕೆಳಗಿನವರು ನಿಂತರೆ 5,039. ನಿಲ್ಲುವುದು ಯೌವನದ ಹಕ್ಕೆಂದು 1977ರಲ್ಲಿ ಘೋಷಿಸಿದವರಿಗೆ ಲೆಕ್ಕಪತ್ರದವರ ಬೆಂಬಲ ಇಷ್ಟು ಸಲೀಸಾಗಿ ದೊರೆತೀತೆಂದು ಅನ್ನಿಸಿರಲಿಕ್ಕಿಲ್ಲ. ಬೆಂಗಳೂರಿನವರಿಗೆ ಈ ತರ್ಕವನ್ನು ವಿವರಿಸಬೇಕಾಗಿಲ್ಲ: 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಬಂದಾಗ ಅರಮನೆ ಮೈದಾನವೇ ಸಭಾಂಗಣ, ಕಾಲುಗಳೇ ಕುರ್ಚಿ.

ಅದೇ ಹ್ಯಾಮರ್‌ಸ್ಮಿತ್ತಿನಲ್ಲಿ 2014ರಲ್ಲಿ ಕೇಟ್ ಬುಷ್, ಮೂವತ್ತೈದು ವರ್ಷಗಳ ಮೇಲೆ ಮೊದಲ ಬಾರಿಗೆ ಕಚೇರಿಗಳನ್ನು ನಡೆಸಿಕೊಟ್ಟಾಗ ಕುರ್ಚಿಗಳನ್ನೆಲ್ಲ ಹಾಕಿಸಿ ಇಪ್ಪತ್ತೆರಡು ರಾತ್ರಿ ಹಾಡಿದಳು. ಕಿಂಗ್ ಕ್ರಿಮ್ಸನ್ ತಂಡವು ತನ್ನ ಕೊನೆಯ ವರ್ಷಗಳ ಪ್ರವಾಸಗಳಿಗೆ ಆಸನಗಳುಳ್ಳ ರಂಗಮಂದಿರಗಳನ್ನೇ ಹೆಚ್ಚಾಗಿ ಆರಿಸಿಕೊಂಡು, ಆಟ ಮುಗಿಯುವ ತನಕ ಯಾರೂ ಛಾಯಾಚಿತ್ರ ತೆಗೆಯಬಾರದೆಂದು ವಿನಂತಿಸುತ್ತಿದ್ದಿತು. ಅದರ ಮುಖ್ಯಸ್ಥ ರಾಬರ್ಟ್ ಫ್ರಿಪ್ 1969ರಿಂದಲೂ ವೇದಿಕೆಯ ಮೇಲೆ ಕುಳಿತೇ ಗಿಟಾರ್ ನುಡಿಸುವವನಾದ್ದರಿಂದ ಪ್ರೇಕ್ಷಕರಿಂದ ಅದನ್ನು ಅಪೇಕ್ಷಿಸುವ ಅಧಿಕಾರ ಅವನಿಗೆ ಉಳಿದವರಿಗಿಂತ ಹೆಚ್ಚು. ಈಚೆಗೆ ಈ ಮಂದಿರಗಳಲ್ಲಿ ಮೇಲಂತಸ್ತಿನ ಮುಂದಿನ ಸಾಲುಗಳಿಗೆ, ಬೆನ್ನೊರಗು ಗಟ್ಟಿಯಾಗಿದ್ದು ಎದುರಿಗೆ ಯಾರೂ ಏಳಲಾರದ ಜಾಗಗಳಿಗೆ, ಎಲ್ಲಿಲ್ಲದ ಬೇಡಿಕೆ. 1977ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತರ ಅಂಚಿನಲ್ಲಿದ್ದಾರೆ; ಆ ಸಾಲುಗಳನ್ನು ಕೊಳ್ಳುತ್ತಿರುವವರಲ್ಲಿ ಅವರೂ ಇದ್ದಾರೆ, ಕೇಳಿದ ಬೆಲೆ ಕೊಡುತ್ತಿದ್ದಾರೆ.